ರೆಸ್ಟ್ ಯಾರಪ್ಪನ ಮನೆ ಆಸ್ತಿ?

ಭುಜದ ಕೀಲು ತಪ್ಪಿದ ಹಮಾಲಿಗೆ ಆಸ್ಪತ್ರೆಯವರು ಕೊಡುವ ಚೀಟಿಯನ್ನು ಒಮ್ಮೆ ಓದಿ ನೋಡಿ. ಮೂರು ವಾರ ಕೈ ಕೊರಳ ಜೋಳಿಗೆಯಲ್ಲಿ. ಆಮೇಲೆ ಫಿಸಿಯೋಥೆರಪಿ. ಮೂರ್ನಾಲ್ಕು ತಿಂಗಳು ಭಾರ ಎತ್ತಕೂಡದು. ಅಷ್ಟು ದಿನ ಮನೇಲಿ ಒಲೆ ಹೆಂಗೆ ಉರೀಬೇಕು ಅನ್ನೋದೊಂದನ್ನ ಬಿಟ್ಟು ಎಲ್ಲಾ ಬರೆದವ್ರೆ.

ವೈದ್ಯಶಾಸ್ತ್ರ ಸುಳ್ಳಲ್ಲ. ಭುಜದ ಗುಂಡು ದೊಡ್ಡದು, ಅದು ಕೂರುವ ಬಟ್ಟಲಿಗೆ ಆಳವಿಲ್ಲ. ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತೆ, ಅದಕ್ಕೇ ಜಾರಿಯೂ ಹೋಗುತ್ತೆ, ಹೆಚ್ಚುಪಾಲು ಮುಂದಕ್ಕೇ. ಜಾರಿದ್ದನ್ನು ಕೂರಿಸಲು ಡಾಕ್ಟರಿಗೆ ಕೆಲವು ನಿಮಿಷ ಸಾಕು. ಹರಿದ ನಾರು ಕೂಡಿಕೊಳ್ಳಲು ವಾರಗಳು ಬೇಕು, ಸುತ್ತಲ ಸ್ನಾಯು ಮತ್ತೆ ಗುಂಡನ್ನು ಹಿಡಿದು ನಿಲ್ಲಿಸಲು ತಿಂಗಳುಗಳು. ಬಗ್ಗಿ ನಿಂತು ಕೈಯನ್ನು ಲೋಲಕದಂತೆ ತೂಗೋದು, ಗೋಡೆ ಮೇಲೆ ಬೆರಳು ನಡೆಸೋದು, ರಬ್ಬರ್ ಪಟ್ಟಿ ಎಳೆಯೋದು. ಮಕ್ಕಳಾಟದಂತೆ ಕಾಣುವ ಇವೇ ಕೈ ಉಳಿಸೋದು. ಇದನ್ನು ಬಿಟ್ಟು 50 ಕಿಲೋ ಮೂಟೆಗೆ ಭುಜ ಕೊಟ್ಟರೆ ಕೀಲು ಮತ್ತೆ ಜಾರುತ್ತೆ, ಇಪ್ಪತ್ತರ ಹುಡುಗರಿಗಂತೂ ಇನ್ನೂ ಸಲೀಸಾಗಿ. ಕಡೆಗೆ ಅಂಗಿ ತೊಡುವಾಗಲೂ, ನಿದ್ದೆಯಲ್ಲಿ ಹೊರಳುವಾಗಲೂ.

ನಮ್ಮ ಕೇರಿಯವನೊಬ್ಬ ಹದಿನೈದನೇ ದಿನಕ್ಕೆ ಜೋಳಿಗೆ ಬಿಚ್ಚಿ ಮಂಡಿಗೆ ಹೋದ. 'ಹೇಳಿದ ಮಾತು ಕೇಳದ ಜನ' ಅಂತ ಆಸ್ಪತ್ರೆಯಲ್ಲಿ ಬೈದರು. ಬೈದವರ ಸಂಬಳ ರಜೆಯಲ್ಲೂ ಬರುತ್ತೆ.

2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಶ್ರೇಯಸ್ ಅಯ್ಯರ್ ಎಡಭುಜಕ್ಕೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಆಯ್ತು, ಸೆಪ್ಟೆಂಬರಿನಲ್ಲಿ ಮತ್ತೆ ಬ್ಯಾಟು ಹಿಡಿದರು. ಸಂತೋಷ. ಆ ಭುಜಕ್ಕೆ ದೇಶ ಕಾಯಿತು. ಅಕ್ಕಿ ಮೂಟೆ ಕಾಯುತ್ತದೆಯೇ? ಮೂಟೆ ಮೇಲೆ ಜಾತಿ ಬರೆದಿರೋದಿಲ್ಲ. ಮೂಟೆ ಕೆಳಗಿನ ಬೆನ್ನು ಯಾವ ಕೇರಿಯದು ಅಂತ ಊರಿಗೆಲ್ಲಾ ಗೊತ್ತು.

ಕಾನೂನು ಇಲ್ಲವೇ ಸ್ವಾಮಿ ಅಂತೀರಿ. 1923ರ ಪರಿಹಾರ ಕಾಯ್ದೆ, ಭುಜದ ಕೀಲಿನಲ್ಲೇ ಕೈ ಕತ್ತರಿಸಿ ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 90 ನಷ್ಟ ಎಂದು ಲೆಕ್ಕ ಹಾಕಿತ್ತು. ಕೈ ತಾತ್ಕಾಲಿಕವಾಗಿ ನಿಂತರೆ ಅರ್ಧ ಕೂಲಿ ಎಂದೂ ಬರೆದಿತ್ತು. ಕೊಡಬೇಕಾದವನು ಮಾಲೀಕ. ಹಮಾಲಿಗೆ ಮಾಲೀಕ ಯಾರು? ದಲ್ಲಾಳಿ ವರ್ತಕನ ಕಡೆ ಬೆರಳು ತೋರಿಸ್ತಾನೆ, ವರ್ತಕ ಲಾರಿಯವನ ಕಡೆ. ಲಾರಿ ಆಗಲೇ ಹೊರಟುಹೋಗಿರುತ್ತೆ.

ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ತಂದು ಮೂಟೆ ಹೊರುವವರಿಗೆ ಮಂಡಳಿ ಕಟ್ಟಿತು, ಕೂಲಿಯ ಜೊತೆಗೆ ಲೆವಿಯನ್ನೂ ಕೆಲಸ ಮಾಡಿಸಿಕೊಂಡವನಿಂದಲೇ ಕಟ್ಟಿಸಿತು. ಅಂಥ ಲೆವಿಯಿಂದ ಇಲ್ಲಿಯೂ ಫಿಸಿಯೋಥೆರಪಿಯ ದಿನಗಳಿಗೆ ಕೂಲಿ ಬರಲಿ. ವ್ಯಾಯಾಮ ಕಲಿಸುವವರು ಎಪಿಎಂಸಿ ಯಾರ್ಡಿನ ಒಳಗೇ ಕೂರಲಿ, ಕನ್ನಡದಲ್ಲಿ ಹೇಳಿಕೊಡಲಿ. ಅಲ್ಲೀವರೆಗೆ ರೆಸ್ಟ್ ಅಂತ ಬರೆಯುವ ಡಾಕ್ಟರು ಅದೇ ಚೀಟಿಯಲ್ಲಿ, ಅದೇ ಸಹಿಯ ಮೇಲೆ, ಇನ್ನೊಂದು ಸಾಲು ಸೇರಿಸಲಿ: ಇಷ್ಟು ದಿನದ ಕೂಲಿ ಕೊಡತಕ್ಕದ್ದು.