ಎಲ್ಲವೂ ಮೂಲವ್ಯಾಧಿಯಲ್ಲ

ಮಲದೊಡನೆ ನಾಲ್ಕು ಹನಿ ರಕ್ತ ಕಂಡೊಡನೆ ನಮ್ಮ ಜನ ಅದಕ್ಕೆ ಮೂಲವ್ಯಾಧಿಯೆಂದು ಹೆಸರಿಟ್ಟುಬಿಡುತ್ತಾರೆ. ಹಾಗೆಂದುಕೊಂಡು ನಮ್ಮಲ್ಲಿಗೆ ಬರುವ ಅನೇಕರಿಗೆ ಇರುವುದು ಗುದದ್ವಾರದ ಸೀಳು. ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ಸೀಳಿನಲ್ಲಾದರೋ ಶೌಚದ ವೇಳೆ ಕತ್ತರಿಸಿದಂಥ ನೋವು, ಬಳಿಕ ಬಹಳ ಹೊತ್ತು ಉರಿ. ಆಯುರ್ವೇದವು ಇದನ್ನು ‘ಪರಿಕರ್ತಿಕಾ’ ಎಂದು ಕರೆದಿರುವುದು ಈ ಲಕ್ಷಣದಿಂದಲೇ.

ಇದರ ಮುಖ್ಯ ಕಾರಣ ಮಲಬದ್ಧತೆ. ನಾರಿಲ್ಲದ ಮೈದಾ ತಿನಿಸು, ಸಾಲದ ನೀರು, ಕುಳಿತೇ ಮಾಡುವ ಕೆಲಸ, ಬಂದ ವೇಗವನ್ನು ತಡೆಯುವ ಅಭ್ಯಾಸ ಇವುಗಳಿಂದ ಮಲ ಗಟ್ಟಿಯಾಗುತ್ತದೆ. ತಿಣುಕಿದಾಗ ಗುದದ ತೆಳು ಪೊರೆ ಹರಿಯುತ್ತದೆ. ನೋವಿಗೆ ಅಲ್ಲಿನ ಸ್ನಾಯು ಬಿಗಿಯುತ್ತದೆ, ರಕ್ತಸಂಚಾರ ಕುಗ್ಗುತ್ತದೆ, ಗಾಯ ಮಾಯುವುದಿಲ್ಲ. ನೋವಿಗಂಜಿ ಶೌಚ ಮುಂದೂಡಿದರೆ ಮಲ ಇನ್ನಷ್ಟು ಗಟ್ಟಿ. ದೀರ್ಘ ಅತಿಸಾರ, ಹೆರಿಗೆ ಇವೂ ಕಾರಣಗಳೇ.

ಆದರೆ ಸಣ್ಣ ಗಾಯವನ್ನು ದೊಡ್ಡ ರೋಗವಾಗಿಸುವುದು ಸಂಕೋಚವೆಂಬುದು ನಮ್ಮ ಅನುಭವ. ಬಾಣಂತಿಯೊಬ್ಬರು ಶೌಚದ ಭಯಕ್ಕೆ ಊಟವನ್ನೇ ಕಡಿಮೆ ಮಾಡಿ ಮೂರು ತಿಂಗಳು ಸಹಿಸಿದ್ದರು. “ಅತ್ತೆಯವರ ಮುಂದೆ ಹೇಗೆ ಹೇಳಲಿ ಡಾಕ್ಟರೇ?” ಎಂದು ಕಣ್ಣೀರಿಟ್ಟರು. ಹೇಳಬಹುದಾದ ಮನೆ ಅದಾಗಿದ್ದರೆ ಅಷ್ಟು ದಿನದ ಯಾತನೆ ಇರುತ್ತಿರಲಿಲ್ಲ.

ಎರಡನೆಯದು, ತಾವೇ ಕೊಂಡು ನುಂಗುವ ಭೇದಿ ಔಷಧ. ‘ಆಯುರ್ವೇದದ್ದು, ಏನೂ ಆಗದು’ ಎಂಬ ಮಾತನ್ನು ಆಯುರ್ವೇದ ವೈದ್ಯರಾದ ನಾವೇ ಅಲ್ಲಗಳೆಯಬೇಕು. ತಪ್ಪಾಗಿ ಪ್ರಯೋಗಿಸಿದ ವಿರೇಚನದಿಂದ ಉಂಟಾಗುವ ತೊಂದರೆಗಳಲ್ಲಿ ಪರಿಕರ್ತಿಕೆಯನ್ನು ಸುಶ್ರುತ ಸಂಹಿತೆಯೇ ಎಣಿಸಿದೆ. ಫಲಕ ತೂಗುಹಾಕಿ ‘ಒಂದೇ ದಿನದಲ್ಲಿ ಗುಣ’ ಎನ್ನುವವರ ಬಳಿಗೆ ಹೋಗುವುದಂತೂ ಬೇಡವೇ ಬೇಡ.

ಹೊಸ ಸೀಳು ಬಹುಮಟ್ಟಿಗೆ ಪಥ್ಯದಿಂದಲೇ ಮಾಯುತ್ತದೆ. ಜೋಳದ ರೊಟ್ಟಿ, ಸೊಪ್ಪು, ಕಾಳು, ಹಣ್ಣು, ಸಾಕಷ್ಟು ನೀರು. ಶೌಚದ ನಂತರ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ 10ರಿಂದ 15 ನಿಮಿಷ ಕುಳಿತುಕೊಳ್ಳುವುದು. 6 ವಾರ ಕಳೆದರೂ ಮಾಯದಿದ್ದರೆ, ರಕ್ತ ಪದೇ ಪದೇ ಹೋಗುತ್ತಿದ್ದರೆ, ತೂಕ ಇಳಿದರೆ, ಶೌಚದ ಕ್ರಮ ಬದಲಾದರೆ ತಡಮಾಡದೆ ಶಸ್ತ್ರವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕರುಳಿನ ಅರ್ಬುದವೂ ಮೂಲವ್ಯಾಧಿಯ ಹೆಸರಿನಲ್ಲಿ ಅಡಗಿರಬಲ್ಲದು.

ಹಲ್ಲುನೋವನ್ನು ಹೇಳಿಕೊಳ್ಳಲು ನಾಚದ ನಾವು ಇದಕ್ಕೇಕೆ ನಾಚಬೇಕು? ದೇಹದ ಯಾವ ಅಂಗವೂ ಹೀನವಲ್ಲ. ಮನೆಯ ಹಿರಿಯರೇ ಮೊದಲು ಕೇಳುವಂತಾದರೆ, ಕಿರಿಯರು ಹೇಳುವ ಧೈರ್ಯ ಮಾಡಿಯಾರು.