‘ಓಕೆ’ ಎಂದು ಯಂತ್ರವೇ ಬರೆಯಲಿ



ಪೀಣ್ಯದ ಗೀಸರ್ ಕಾರ್ಖಾನೆಯೊಂದರಲ್ಲಿ 19 ವರ್ಷ ಪರೀಕ್ಷೆಯ ಮೇಜಿನ ಮುಂದೆ ಕೂತವನು ನಾನು. ಪ್ರತಿ ಗೀಸರಿಗೂ ಎರಡು ಪರೀಕ್ಷೆ ತಪ್ಪುವಂತಿಲ್ಲ. ಕನಿಷ್ಠ 10 ಆಂಪಿಯರ್ ಕರೆಂಟ್ ಹರಿಸಿ ಅರ್ಥಿಂಗ್ ತಂತಿ ಹೊರಮೈಗೆ ಸರಿಯಾಗಿ ಕೂಡಿದೆಯೇ ಎಂದು ನೋಡಬೇಕು. ಆಮೇಲೆ ಒಂದು ಸೆಕೆಂಡ್ 1000 ವೋಲ್ಟ್ ಕೊಟ್ಟು ಇನ್ಸುಲೇಷನ್ ತಡೆಯುತ್ತದೆಯೇ ಎಂದು ನೋಡಬೇಕು. ಸಂಜೆ ಲಾರಿ ಬಂದು ನಿಂತಾಗ ಆ ಒಂದು ಸೆಕೆಂಡೇ ಮಾಯವಾಗುತ್ತಿತ್ತು. ಪ್ರೋಬ್ ಮುಟ್ಟಿಸಿ ತೆಗೆಯುವಷ್ಟರಲ್ಲಿ ರಿಜಿಸ್ಟರಿನ ಇಡೀ ಕಾಲಮ್ಮಿಗೆ ‘ಓಕೆ’ ಬಿದ್ದಿರುತ್ತಿತ್ತು. ನಾನೂ ಹಾಗೆ ಬರೆದಿದ್ದೇನೆ. ಅದು ಇಂದಿಗೂ ಚುಚ್ಚುತ್ತದೆ. ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸುವವರು ನಮ್ಮ ನಿಮ್ಮ ಮನೆಯ ಮಕ್ಕಳೇ.

ಈಗ ಬಾರ್‌ಕೋಡ್ ಓದಿ, ಎರಡೂ ಪರೀಕ್ಷೆ ತಾನೇ ನಡೆಸಿ, ಅಳತೆಯನ್ನು ಸೀರಿಯಲ್ ನಂಬರಿನ ಜೊತೆ ದಾಖಲಿಸುವ ಯಂತ್ರಗಳಿವೆ. ಫೇಲಾದ ಮಾಲು ಮುಂದಕ್ಕೆ ಹೋಗದಂತೆ ತಡೆಯುವ ವ್ಯವಸ್ಥೆಯೂ ಇದೆ. ಆದರೆ ಸಣ್ಣ ಶೆಡ್‌ಗಳಿಗೆ ಅವುಗಳ ಬೆಲೆ ಭಾರ. ಆದರೂ ಭಾರತೀಯ ಮಾನಕ ಬ್ಯೂರೊ ಐಎಸ್‌ಐ ಗುರುತಿನ ವಿಷಯದಲ್ಲಿ ಕೈಬರಹದ ರಿಜಿಸ್ಟರಿಗಷ್ಟೇ ತೃಪ್ತಿಪಡದೆ ಯಂತ್ರದ ದಾಖಲೆ ಕೇಳಲಿ. ಸರ್ಕಾರ ಸಣ್ಣ ಉದ್ದಿಮೆಗಳಿಗೆ ಯಂತ್ರ ಕೊಳ್ಳಲು ಸಹಾಯಧನ ಕೊಡಲಿ.

ಹಾಗೆಂದು ಯಂತ್ರವನ್ನೂ ಕಣ್ಣುಮುಚ್ಚಿ ನಂಬಬಾರದು. ಯಂತ್ರದಿಂದ ಗೀಸರಿಗೆ ಹೋಗುವ ತಂತಿ ತುಂಡಾಗಿದ್ದರೆ ವೋಲ್ಟೇಜ್ ಮಾಲಿಗೆ ತಲುಪುವುದೇ ಇಲ್ಲ, ಹಸಿರು ದೀಪ ಮಾತ್ರ ಉರಿಯಬಹುದು. ಬೇಕೆಂದೇ ಕೆಡಿಸಿಟ್ಟ ಗೀಸರೊಂದನ್ನು ದಿನಾ ಬೆಳಿಗ್ಗೆ ಮೊದಲು ಯಂತ್ರಕ್ಕೆ ಜೋಡಿಸಿ, ಕೆಂಪು ದೀಪ ಬಂದ ಮೇಲೆಯೇ ಶಿಫ್ಟ್ ಶುರುಮಾಡಬೇಕು.

– ನಿವೃತ್ತ ಪರೀಕ್ಷಕ, ಬೆಂಗಳೂರು