ಸಿಸಿ ಕೇಳುವ ಮೊದಲು ತೂಕ ಹೊತ್ತು ನೋಡಿ

‘ನಂಗೆ 350 ಸಿಸಿ ಸಾಕಾಗುತ್ತಾ ಡಾಕ್ಟ್ರೇ?’ ಸ್ತನ ಇಂಪ್ಲಾಂಟ್ ಬಯಸುವ ಹುಡುಗಿಯರ ಮಾತು ಈಗ ಹೀಗೆ ಅಂಕಿಯಿಂದಲೇ ಶುರುವಾಗುತ್ತಿದೆ. ಫೋನಿನಲ್ಲಿ ಯಾರದೋ ‘ಮೊದಲು–ನಂತರ’ದ ಚಿತ್ರ, ಕೆಳಗೊಂದು ನಂಬರು, ಪಕ್ಕದಲ್ಲೇ ಕಂತಿನ ಸಾಲದ ಜಾಹೀರಾತು. ಆಸೆಪಡುವುದು ತಪ್ಪಲ್ಲ. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗಂತೂ ಇದು ದೊಡ್ಡ ಆಸರೆ. ಆದರೆ ಆ ನಂಬರನ್ನು ನಂಬಿ ಹೊರಡುವ ರೂಢಿ ಬೇರೂರುವ ಮೊದಲೇ ಎಚ್ಚರಿಸಬೇಕಾಗಿದೆ.

ಸಿಸಿ ಎಂಬುದು ಒಳಗಿಡುವ ಇಂಪ್ಲಾಂಟ್‌ನ ಅಳತೆ, ನಿಮ್ಮ ಎದೆಯದಲ್ಲ. ಅದೇ 300 ಸಿಸಿ ಅಗಲ ಎದೆಯವರಲ್ಲಿ ಕಂಡೂ ಕಾಣದಂತಿರುತ್ತದೆ, ಕಿರಿದಾದ ಎದೆಯವರಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ನುರಿತ ಪ್ಲಾಸ್ಟಿಕ್ ಸರ್ಜನ್ ಮೊದಲು ಟೇಪು ಹಿಡಿದು ಸ್ತನದ ಬುಡದ ಅಗಲ ಅಳೆಯುತ್ತಾರೆ, ಚರ್ಮ ಚಿವುಟಿ ದಪ್ಪ ನೋಡುತ್ತಾರೆ, ಅದು ಎಷ್ಟು ಹಿಗ್ಗೀತು ಎಂದು ಎಳೆದು ನೋಡುತ್ತಾರೆ. ಇದೊಂದನ್ನೂ ಮಾಡದೆ ಸಿಸಿ ಹೇಳುವ ಕಡೆ ಮುಂಗಡ ಕಟ್ಟಬೇಡಿ. ‘ಇಂಥದೇ ಕಪ್ ಸೈಜು ಬರುತ್ತೆ’ ಎಂಬ ಭರವಸೆಯನ್ನೂ ನಂಬಬೇಡಿ. ಒಂದು ಕಂಪನಿಯ ಸಿ ಕಪ್ ಇನ್ನೊಂದರ ಡಿ.

ಇನ್ನು ತೂಕ. ಸಿಲಿಕೋನ್ ಜೆಲ್ ಹೆಚ್ಚುಕಮ್ಮಿ ನೀರಿನಷ್ಟೇ ಭಾರ. 250 ಸಿಸಿಯ ಜೊತೆಯೆಂದರೆ ಅರ್ಧ ಲೀಟರಿನ ಒಂದು ಹಾಲಿನ ಪ್ಯಾಕೆಟ್ಟು, 500ರದ್ದಾದರೆ ಹತ್ತಿರಹತ್ತಿರ ಒಂದು ಕೆಜಿ. ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಕವರಿಗೆ, ಒಂದೊಂದಕ್ಕೂ ಸಿಸಿ ಎಷ್ಟೋ ಅಷ್ಟೇ ಗ್ರಾಂ ಅಕ್ಕಿ ತೂಗಿ ಹಾಕಿ, ಬಾಯಿ ಕಟ್ಟಿ, ಸಡಿಲವಾದ ಸ್ಪೋರ್ಟ್ಸ್ ಬ್ರಾದೊಳಗೆ ಇಟ್ಟುಕೊಳ್ಳಿ. ಕಸ ಗುಡಿಸಿ, ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ನಿಂತು ಹೋಗಿ. ಸಂಜೆಗೆ ಹೆಗಲು, ಕತ್ತು ಏನನ್ನುತ್ತವೆ ಕೇಳಿ. ರಾತ್ರಿ ನೀವು ಆ ಕವರು ತೆಗೆದಿಡಬಹುದು, ಇಂಪ್ಲಾಂಟನ್ನು ತೆಗೆದಿಡಲಾಗದು. ಮೈಗೆ ಮೀರಿದ ಭಾರಕ್ಕೆ ಚರ್ಮ ಜಗ್ಗುತ್ತದೆ, ಮೇಲಿನ ಪದರ ತೆಳುವಾಗಿ ಅಂಚು, ನೆರಿಗೆ ಕಾಣತೊಡಗುತ್ತವೆ, ಇಂಪ್ಲಾಂಟ್ ಕೆಳಗೆ ಜಾರಲೂಬಹುದು. ಮುಂದೆ ತೆಗೆಸಿದರೂ ಹಿಗ್ಗಿದ ಚರ್ಮ ಮೊದಲಿನಂತಾಗುವುದು ಕಷ್ಟ.

ಒಮ್ಮೆ ಹಾಕಿಸಿದರೆ ಮುಗಿಯಿತು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಇದು ಜೀವಮಾನವಿಡೀ ಬಾಳುವ ಸಾಧನವಲ್ಲ, ವರ್ಷ ಕಳೆದಂತೆ ತೊಡಕಿನ ಸಂಭವ ಹೆಚ್ಚುತ್ತದೆ ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಕಡ್ಡಾಯ ಮಾಡಿತು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಹೊರಗೆ ಗೊತ್ತಾಗದಿರಬಹುದು. ಆದ್ದರಿಂದ ಹಾಕಿಸಿದ ಐದಾರು ವರ್ಷಕ್ಕೆ ಮೊದಲ ಸಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿಕೊಳ್ಳಬೇಕೆಂಬುದು ಎಫ್‌ಡಿಎ ಸಲಹೆ. ಕಂತಿನ ಲೆಕ್ಕ ಹೇಳುವವರು ಈ ಖರ್ಚನ್ನೂ, ಮರುಶಸ್ತ್ರಚಿಕಿತ್ಸೆಯ ಖರ್ಚನ್ನೂ ಸೇರಿಸಿ ಹೇಳಲಿ.

ಈಗಾಗಲೇ ಹಾಕಿಸಿಕೊಂಡವರು ಕಂಪನಿ, ಮಾದರಿ, ಲಾಟ್ ನಂಬರ್ ಇರುವ ಕಾರ್ಡನ್ನು ಜೋಪಾನವಾಗಿಡಿ. ಒಂದು ಬಗೆಯ ಅಪರೂಪದ ಲಿಂಫೋಮಾ ಕ್ಯಾನ್ಸರಿನ ಕಾರಣಕ್ಕೆ 2019ರಲ್ಲಿ ಅಲರ್ಗಾನ್ ಕಂಪನಿ ತರಿತರಿ ಮೇಲ್ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನೆಲ್ಲೆಡೆಯಿಂದ ಹಿಂಪಡೆದಾಗ, ಹಾಕಿಸಿಕೊಂಡವರಿಗೆ ತಮ್ಮೊಳಗಿರುವುದು ಯಾವುದೆಂದು ತಿಳಿಯಲು ಆಧಾರವಾದದ್ದು ಅಂಥ ದಾಖಲೆಯೇ. ಮ್ಯಾಮೊಗ್ರಾಂಗೆ ಹೋದಾಗ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಿ. ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊತ, ಗಂಟು, ನೋವು ಕಂಡರೆ ಮುಂದಿನ ವಾರಕ್ಕೆ ಕಾಯದೆ ವೈದ್ಯರ ಬಳಿ ಹೋಗಿ.